ಹಲಗಲಿಯ ಲೂಟಿಯ ಪಟ್ಟಿ

ಬಡತನ ಹೆಚ್ಚಾದರೆ ಜನ ದಂಗೆ ಏಳುತ್ತಾರೆ ಎಂಬುದನ್ನು ನಾವು ಎಷ್ಟು ಸಲೀಸಾಗಿ ನಂಬಿದ್ದೇವೆಂದರೆ, ಬಂಡಾಯದ ಯಾವ ಪದ್ಯ ಕೈಗೆ ಬಂದರೂ ಮೊದಲು ಅದರಲ್ಲಿ ಹಸಿವನ್ನೇ ಹುಡುಕುತ್ತೇವೆ. ‘ಹಲಗಲಿ ಬೇಡರು’ ಲಾವಣಿಯಲ್ಲಿ ಹಾಗೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಶಾಲೆಯ ಪಠ್ಯದಿಂದಾಗಿ ನಮಗೆಲ್ಲ ಗೊತ್ತಿರುವ ರೂಪದಲ್ಲಿ ಬರ, ಸಾಲ, ಖಾಲಿ ಕಣಜಗಳ ಸುದ್ದಿಯೇ ಇಲ್ಲ. ಕುಂಪಣಿ ಸರ್ಕಾರದ ಹುಕುಂ ಬರುತ್ತದೆ, ಹತಾರ ಕೊಡಿ ಎನ್ನುತ್ತದೆ, ಬೇಡರು ಕೊಡುವುದಿಲ್ಲ. ಅಷ್ಟೇ ಕಾರಣ.

ಮುಧೋಳ ಸೀಮೆಯ ಹಲಗಲಿಯಲ್ಲಿ ಇದು ನಡೆದದ್ದು 1857ರ ನವೆಂಬರಿನಲ್ಲಿ. ಆದರೆ ಲಾವಣಿಯ ಅಂಕಿತ ನಮ್ಮ ಗದಗಿನ ಮಗ್ಗುಲಿನದು: ಕುರ್ತಕೋಟಿಯ ಕಲ್ಮೇಶ. ಹಾಡಿದವನು ತನ್ನ ಹೆಸರು ಹೇಳದೆ ಊರ ದೇವರ ಹೆಸರು ಹೇಳಿದ್ದಾನೆ. (ವಿಮರ್ಶಕ ಕೀರ್ತಿನಾಥರ ಹೆಸರಿನ ಕೊನೆಯಲ್ಲಿರುವುದೂ ಇದೇ ಕುರ್ತಕೋಟಿ.) 1880ರ ದಶಕದಲ್ಲಿ ಇಂಥ ಲಾವಣಿಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ಅವನು ಅದೇ ಸರ್ಕಾರದ ಅಧಿಕಾರಿ ಎಂಬುದು ಬೇರೆ ಮಾತು.

ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹೋರಾಟದ ಭಾಗವಲ್ಲ, ಕೊನೆಯ ಲೂಟಿಯ ಪಟ್ಟಿ. ದಂಡಿನವರು ಏನೇನು ಒಯ್ದರು ಎಂದು ಹಾಡುಗಾರ ಒಂದೊಂದಾಗಿ ಎಣಿಸುತ್ತಾನೆ. ಅದರಲ್ಲಿ ಕೊಡಲಿ ಇದೆ, ನೇಗಿಲಿನ ಕುಡ ಇದೆ. ಹಾಲು, ಬೆಣ್ಣೆ, ಉಪ್ಪು, ಜೀರಿಗೆ, ಬೆಲ್ಲ ಇವೆ. ಉಣ್ಣುವ ಗಂಗಾಳ, ನೀರಿನ ಚರಗಿ, ಹೆಂಗಸರ ಮಂಗಳಸೂತ್ರವೂ ಇವೆ. ಬೀಸುಕಲ್ಲನ್ನೂ ಬಿಟ್ಟಿಲ್ಲ. ಬೀಸುಕಲ್ಲು ಹೊತ್ತೊಯ್ಯುವ ಸೈನ್ಯ ಎಂಥದ್ದು! ಇದನ್ನು ಅತಿಶಯೋಕ್ತಿ ಎಂದು ತಳ್ಳಿಹಾಕಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಮನೆಯಲ್ಲಿ ನಾಳೆ ಬೆಳಿಗ್ಗೆ ಒಲೆ ಹೊತ್ತಿಸಲು ಏನು ಬೇಕೋ ಅದೆಲ್ಲ ಆ ಪಟ್ಟಿಯಲ್ಲಿದೆ. ಅದು ದಿಕ್ಕಿಲ್ಲದವರ ಮನೆಯ ಪಟ್ಟಿಯಲ್ಲ. ಬೇಟೆಯ ಜೊತೆಗೆ ಹೊಲವನ್ನೂ ಮಾಡಿಕೊಂಡು, ಹಾಲು ಕರೆದು, ಹೇಗೋ ನಿಂತುಕೊಂಡಿದ್ದವರ ಮನೆಯದು. ಅವರಿಗೆ ಕಳೆದುಕೊಳ್ಳಲು ಏನೋ ಇತ್ತು. ದಂಗೆ ಎದ್ದದ್ದೇ ಅದಕ್ಕೆ.

ಬೇಟೆ, ಊರಕಾವಲು, ದಂಡಿನ ಚಾಕರಿ ಇವು ಬೇಡರ ಬದುಕು. ಕತ್ತಿ ಅವರಿಗೆ ಅಲಂಕಾರವಲ್ಲ, ಕಸುಬಿನ ಸಾಮಾನು. ಊರಲ್ಲಿ ಅವರಿಗಿದ್ದ ಮರ್ಯಾದೆ ಕೂಡ. ಲಾವಣಿಯಲ್ಲಿ ಮೊದಲ ಪೆಟ್ಟು ತಿನ್ನುವವರಲ್ಲಿ ಒಬ್ಬ ಕಾರಕೂನ ಎಂಬುದನ್ನು ಗಮನಿಸಿ. ಕಾಗದ ಹಿಡಿದು ಬಂದವನ ಮೇಲೆ ಸಿಟ್ಟು.

ಆರು ತಿಂಗಳ ನಂತರ, 1858ರ ಮೇ ಕೊನೆಗೆ, ಮುಂಡರಗಿಯ ಭೀಮರಾಯ ಎದ್ದ. ಅವನದು ಬೇರೆಯೇ ಲೋಕ. ಓದು ಬಲ್ಲವನು, ಸರ್ಕಾರಿ ನೌಕರಿ ಮಾಡಿ ಕಳಕೊಂಡವನು. ಜೊತೆಗೆ ಹಮ್ಮಿಗಿಯ ಕೆಂಚನಗೌಡ, ಅತ್ತ ದತ್ತು ಸ್ವೀಕಾರಕ್ಕೆ ಒಪ್ಪಿಗೆ ಸಿಗದ ನರಗುಂದದ ಬಾಬಾಸಾಹೇಬ. 1852ರಿಂದ ಇನಾಮ್ ಕಮಿಷನ್ ಹಳೆಯ ಸನದುಗಳನ್ನು ಕೆದಕಿ ಇನಾಮು ಭೂಮಿಗಳನ್ನು ಕಿತ್ತುಕೊಳ್ಳುತ್ತಿತ್ತು. ಹಮ್ಮಿಗಿಯಲ್ಲಿ ಹತಾರಗಳಿಗೆ ಸರ್ಕಾರ ಕಾವಲು ಹಾಕಿದಾಗ ಕಿಡಿ ಹೊತ್ತಿತು. ಭೀಮರಾಯ ಕೊಪ್ಪಳದ ಕೋಟೆ ಹಿಡಿದು ಜೂನ್ 1ರಂದು ಅಲ್ಲೇ ಸತ್ತ. ಮುಂದೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಈ ಎರಡನ್ನೂ ‘ಸ್ವಾತಂತ್ರ್ಯ ಸಂಗ್ರಾಮ’ ಎಂಬ ಒಂದೇ ಚೀಲಕ್ಕೆ ತುಂಬುವುದು ನಮ್ಮ ರೂಢಿ. ನನ್ನ ತಕರಾರು ಇರುವುದು ಇಲ್ಲೇ. ಬೇಡ ಕಳಕೊಂಡದ್ದು ತನ್ನ ಕೈಯ ಕತ್ತಿ; ಇನಾಮದಾರ ಕಳಕೊಂಡದ್ದು ಇನ್ನೊಬ್ಬರ ದುಡಿತದ ಪಾಲು. ಇನಾಮು ಹೋದರೆ ರೈತನಿಗೆ ಹಣ ಕಟ್ಟುವ ಬಾಗಿಲು ಬದಲಾಯಿತು, ಅಷ್ಟೆ. ಅವನೇಕೆ ಕೊಪ್ಪಳದ ಕೋಟೆಗೆ ಹೋದಾನು? 1789ರ ಫ್ರಾನ್ಸಿನಲ್ಲಿ ದೊರೆಯ ಖಜಾನೆ ಬರಿದಾದದ್ದು, ರೊಟ್ಟಿಯ ಬೆಲೆ ಏರಿದ್ದು, ತೆರಿಗೆಯ ಭಾರವೆಲ್ಲ ಕೆಳಗಿನವರ ತಲೆಗೇ ಬಿದ್ದದ್ದು, ಮೂರೂ ಒಂದೇ ಬೇಸಿಗೆಯಲ್ಲಿ ಕೂಡಿದವು. ಇಲ್ಲಿ ಸಿಟ್ಟುಗಳು ಆರು ತಿಂಗಳ ಅಂತರದಲ್ಲಿ ಬಂದರೂ ಒಂದಾಗಲಿಲ್ಲ. ಸೀಮೆಯೂ ತುಂಡುತುಂಡು: ಗದಗ ಕಂಪನಿಯದು, ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜಿನವರದು, ಕೊಪ್ಪಳ ನಿಜಾಮನದು. ಒಂದು ದಿನದ ದಾರಿಯಲ್ಲಿ ನಾಲ್ಕು ದೊರೆತನ.

ಬರೀ ಬಿಕ್ಕಟ್ಟು ಸಾಕಾಗಿದ್ದರೆ ಮುಂದಿನ ಎರಡು ದಶಕ ಹೊತ್ತಿ ಉರಿಯಬೇಕಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ ಹತ್ತಿಯ ಬೆಲೆ ಮುಗಿಲಿಗೇರಿತು. 1865ರಲ್ಲಿ ಯುದ್ಧ ಮುಗಿದು ದರ ಕುಸಿಯಿತು. ಗದಗ-ಬೆಟಗೇರಿಯ ಸುತ್ತಲಿನ ಎರೆಹೊಲಗಳಿಗೆ ಅದು ತಟ್ಟದೆ ಇರಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾವುಕಾರರ ಸಾಲಪತ್ರ ಸುಟ್ಟರು. 1876–78ರ ಬರ ನಮ್ಮ ಕಡೆ ಹಳ್ಳಿಗಳನ್ನೇ ಬರಿದು ಮಾಡಿತು, ಆದರೆ 1858ರಂಥ ದಂಗೆ ಏಳಲಿಲ್ಲ. ಹಸಿದವನಿಗೆ ಗಂಜಿಯ ಕಡೆ ನಡೆಯುವಷ್ಟೇ ಶಕ್ತಿ.

ಮತ್ತೆ ಸಿಡಿದದ್ದು 1980ರ ಜುಲೈ 21ಕ್ಕೆ, ಅದೇ ನರಗುಂದದಲ್ಲಿ, ಪಕ್ಕದ ನವಲಗುಂದದಲ್ಲಿ. ಎದ್ದವರು ನೀರಿಲ್ಲದವರಲ್ಲ, ಮಲಪ್ರಭೆಯ ಕಾಲುವೆ ಕಂಡವರು. ಬೆಳೆಗೆ ಬೆಲೆಯಿಲ್ಲದ ಹೊತ್ತಿನಲ್ಲಿ ಸರ್ಕಾರ ಅಭಿವೃದ್ಧಿ ಕರ ಕೇಳಿತು. ಈ ಸಲ ಸಿಟ್ಟು ತಾಲ್ಲೂಕಿನ ಗಡಿಯಲ್ಲಿ ನಿಲ್ಲಲಿಲ್ಲ: ರಾಜ್ಯ ರೈತ ಸಂಘ ಹುಟ್ಟಿತು, 1983ರಲ್ಲಿ ಸರ್ಕಾರವೇ ಬದಲಾಯಿತು. ಆದರೆ ಹೊಲವೇ ಇಲ್ಲದ ಕೂಲಿಯವನಿಗೆ ಅದರಿಂದ ಏನು ಸಿಕ್ಕಿತು ಎಂದು ಕೇಳಿದರೆ, ಮುಂಡರಗಿಯ ರೈತನ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ.

ಫ್ಲೀಟನ ಸಂಗ್ರಹದಲ್ಲಿ ಇನ್ನೊಂದು ಲಾವಣಿಯಿದೆ, ಆದಾಯ ತೆರಿಗೆ ಹೇರಿದ್ದರ ಮೇಲೆ. ದಂಗೆ ಅಡಗಿಸಿದ ಖರ್ಚಿನಿಂದ ಖಜಾನೆ ಸೊರಗಿ ಸರ್ಕಾರ 1860ರಲ್ಲಿ ಆ ತೆರಿಗೆ ತಂದಿತ್ತು. ಹಲಗಲಿಯ ಲಾವಣಿಯನ್ನು ಪಾಠ ಮಾಡುವವರು ಇದನ್ನೂ ಜೊತೆಗಿಟ್ಟು ಓದಿಸಬೇಕು, ಲೂಟಿಯ ಪಟ್ಟಿ ಮುಗಿಯುವಲ್ಲಿಂದಲೇ.