ನುಡಿಸದೆ ಕೊಂಡ ಗಿಟಾರು

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಕಾಯಂ. ಮಗಳಿಗೆ ಗಿಟಾರು ಕಲಿಯುವ ಆಸೆ, ನಮ್ಮೂರಲ್ಲಿ ಹೇಳಿಕೊಳ್ಳುವಂಥ ಅಂಗಡಿಯಿಲ್ಲ, ಆನ್‌ಲೈನಿನಲ್ಲಿ ತರಿಸಬಹುದೇ? ಸಿಂಧನೂರು, ಶಿರಸಿ, ಚಾಮರಾಜನಗರ ಎಂದು ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ನನ್ನ ಉತ್ತರವೂ ಬದಲಾಗಿಲ್ಲ: ಧಾರಾಳವಾಗಿ ತರಿಸಿ.

ಹೀಗೆ ಬರೆದಾಗಲೆಲ್ಲ ಒಂದು ಬಣ ಮೇಲೆ ಬೀಳುತ್ತದೆ. ವಾದ್ಯವನ್ನು ತೊಡೆಯ ಮೇಲಿಟ್ಟು ನುಡಿಸಿ ನೋಡದೆ ಕೊಳ್ಳಕೂಡದು ಎಂಬುದು ಅವರ ಕಟ್ಟುನಿಟ್ಟು. ನುಡಿಸಬಲ್ಲವರ ಮಟ್ಟಿಗೆ ಆ ಮಾತು ಸರಿ. ಬೆಂಗಳೂರಿನಲ್ಲಿರುವವರು ಒಂದು ಸಂಜೆ ಬಳೇಪೇಟೆಗೆ ಹೋಗಿ ನಾಲ್ಕಾರು ಗಿಟಾರು ಮೀಟಿ ಬರಬಹುದು. ಸಿಂಧನೂರಿನ ಹುಡುಗಿ ರಾತ್ರಿ ಬಸ್ಸು ಹತ್ತಿ ಬಂದು ಅಂಗಡಿಯಲ್ಲಿ ನಿಂತು ಏನು ನುಡಿಸಬೇಕು? ಅವಳಿಗಿನ್ನೂ ಸಿ ಮೇಜರ್ ಕಾರ್ಡ್ ಹಿಡಿಯಲು ಬರುವುದಿಲ್ಲ. ಅಂಗಡಿಯ ಹುಡುಗ ನುಡಿಸಿ ತೋರಿಸುತ್ತಾನೆ, ಅವನ ಪಳಗಿದ ಬೆರಳಿಗೆ ಎಂಥ ಗಿಟಾರೂ ಇಂಪಾಗಿಯೇ ಕೇಳುತ್ತದೆ. ಅಂಗಡಿಯ ಗದ್ದಲದಲ್ಲಿ ಸಿಗುವ ಹತ್ತು ನಿಮಿಷಕ್ಕಿಂತ, ವಾಪಸ್ ಕಳಿಸುವ ಗಡುವಿನೊಳಗೆ ಮನೆಯ ಮೂಲೆಯಲ್ಲಿ ಸಿಗುವ ನಾಲ್ಕೈದು ಸಂಜೆಗಳು ಕಲಿಯುವವರಿಗೆ ಹೆಚ್ಚು ಹೇಳಿಕೊಡುತ್ತವೆ.

ಚಿತ್ರ ನೋಡಿ ಗಿಟಾರು ಕೊಳ್ಳುವುದು ಮೊಬೈಲು ತಂದ ಚಾಳಿಯೂ ಅಲ್ಲ. ಅಮೆರಿಕದ ಹಳ್ಳಿಗಳಲ್ಲಿ ನೂರು ವರ್ಷಕ್ಕೂ ಹಿಂದೆಯೇ ಗಿಟಾರು ಅಂಚೆಯಲ್ಲಿ ಬರುತ್ತಿತ್ತು. ಷಿಕಾಗೋದ ಸಿಯರ್ಸ್ ರೋಬಕ್ ಕಂಪನಿಗೆ ಕ್ಯಾಟಲಾಗಿನ ಗಿಟಾರು ವ್ಯಾಪಾರ ಎಷ್ಟು ಲಾಭದ್ದಾಗಿತ್ತೆಂದರೆ, 1916ರಲ್ಲಿ ಅದು ಹಾರ್ಮನಿ ಎಂಬ ಗಿಟಾರು ಕಾರ್ಖಾನೆಯನ್ನೇ ಕೊಂಡುಕೊಂಡಿತು. ಮಿಸಿಸಿಪಿಯ ಹತ್ತಿ ಹೊಲಗಳ ನಡುವೆ ಬೆಳೆದ ಮಡ್ಡಿ ವಾಟರ್ಸ್ ಹದಿಹರೆಯದಲ್ಲಿ ಮನೆಯ ಕೊನೆಯ ಕುದುರೆಯನ್ನು ಮಾರಿ, ಬಂದ ಹಣದಲ್ಲಿ ಅರ್ಧ ಅಜ್ಜಿಗೆ ಕೊಟ್ಟು, ಸುಮಾರು ಎರಡೂವರೆ ಡಾಲರಿಗೆ ಸ್ಟೆಲ್ಲಾ ಗಿಟಾರೊಂದನ್ನು ಕೊಂಡ. ಆ ಸೀಮೆಯ ಜನ ಅಂಥ ಗಿಟಾರುಗಳನ್ನು ಸಿಯರ್ಸ್‌ನಿಂದಲೇ ತರಿಸಿಕೊಳ್ಳುತ್ತಿದ್ದರು ಎಂದು ಮುಂದೆ ಅವನೇ ನೆನೆಸಿಕೊಂಡಿದ್ದಾನೆ. ಷಿಕಾಗೋದ ಬ್ಲೂಸ್ ಸಂಗೀತಕ್ಕೆ ಅವನು ಕೊಟ್ಟದ್ದೇನೆಂದು ಈ ಅಂಕಣದ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಹಾಗಾದರೆ ಜಾಹೀರಾತಿನ ಪುಟದಲ್ಲಿ ಏನನ್ನು ಓದಬೇಕು? ಮೊದಲು ಅಳತೆ. ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್‌ನ ಅಗಲ 43 ಮಿ.ಮೀ. ಆಸುಪಾಸಿನಲ್ಲಿದ್ದರೆ ಚಿಕ್ಕ ಕೈಗೂ ನಿಲುಕುತ್ತದೆ. ಕ್ಲಾಸಿಕಲ್ ಗಿಟಾರಿನ 52 ಮಿ.ಮೀ. ಆ ಪದ್ಧತಿಯನ್ನೇ ಕಲಿಯುವವರಿಗೆ ಮಾತ್ರ. ಎರಡನೆಯದು ಟ್ರಸ್ ರಾಡ್. ಉಕ್ಕಿನ ತಂತಿಯ ಗಿಟಾರಿನ ನೆಕ್ಕಿನೊಳಗೆ ತಿರುಗಿಸಿ ಸರಿಪಡಿಸಬಹುದಾದ ಈ ಸರಳು ಇಲ್ಲವೆಂದರೆ ಮುಂದಿನ ಪುಟಕ್ಕೆ ಹೋಗಿ. ಲೈಟ್ ಗೇಜಿನ ಆರು ತಂತಿಗಳೂ ಸೇರಿ ಎಳೆಯುವ ಭಾರ 70 ಕಿಲೋ ದಾಟುತ್ತದೆ. ಅದನ್ನು ಹಗಲೂ ರಾತ್ರಿ ತಡೆದು ನಿಲ್ಲುವ ನೆಕ್ ಒಂದಿಷ್ಟು ಬಾಗಿಯೇ ಬಾಗುತ್ತದೆ. ಮೂರನೆಯದು, ಮೇಲ್ಹಲಗೆ ಒಂದೇ ಮರದ್ದೋ ಪ್ಲೈವುಡ್ಡೋ. ಒಂದೇ ಮರದ ಸ್ಪ್ರೂಸ್ ಹಲಗೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಮೋಸವಿಲ್ಲ.

ಓದದೆ ಬಿಡಬೇಕಾದದ್ದು ಬೆನ್ನಿನ ಮತ್ತು ಪಕ್ಕೆಯ ಮರದ ಹೆಸರನ್ನು. ಇಲ್ಲಿ ನನ್ನದೊಂದು ಹಳೆಯ ಜಗಳವಿದೆ, ಅದನ್ನು ಇವತ್ತು ತೀರಿಸಿಯೇ ಮುಂದೆ ಹೋಗುತ್ತೇನೆ.

ಮರವೇ ನಾದ ಎನ್ನುವ ಪಂಥವೊಂದಿದೆ. ರೋಸ್‌ವುಡ್ ಅಂದರೆ ಗಂಭೀರ, ಮಹೋಗನಿ ಅಂದರೆ ಮೃದು, ಮೇಪಲ್ ಅಂದರೆ ಚುರುಕು ಎಂದು ಅವರು ಜಾತಕ ಬರೆದಿಟ್ಟಿದ್ದಾರೆ. ಮಾರುವವರಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕೆ? ಆದರೆ ಆಧುನಿಕ ಗಿಟಾರಿಗೆ ರೂಪ ಕೊಟ್ಟ ಸ್ಪೇನಿನ ಆಂಟೋನಿಯೋ ದೆ ಟೊರೆಸ್ 1862ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ಮೇಲ್ಹಲಗೆಯನ್ನು ಮರದಲ್ಲಿ ಮಾಡಿ, ಬೆನ್ನು ಮತ್ತು ಪಕ್ಕೆಯನ್ನು ಕಾಗದದ ರಟ್ಟಿನಲ್ಲಿ ಕಟ್ಟಿ ಒಂದು ಗಿಟಾರು ನಿಲ್ಲಿಸಿದ. ನಾದ ಹುಟ್ಟುವುದು ಮೇಲ್ಹಲಗೆಯಲ್ಲಿ ಎಂದು ತೋರಿಸುವುದಷ್ಟೇ ಅವನ ಉದ್ದೇಶ. ಆ ಗಿಟಾರು ಇಂದಿಗೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ.

ಅಷ್ಟು ಹಳೆಯ ಸಾಕ್ಷಿ ಸಾಲದೆಂದವರಿಗೆ 2018ರದ್ದು ಕೊಡುತ್ತೇನೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ರೋಜರ್ ಬಕ್ನಲ್ ಎಂಬ ಹೆಸರಾಂತ ಕುಶಲಕರ್ಮಿಯಿಂದ ಆರು ಗಿಟಾರು ಮಾಡಿಸಿದರು. ಆರೂ ಒಂದೇ ಅಚ್ಚು, ಬೆನ್ನು-ಪಕ್ಕೆಯ ಮರ ಮಾತ್ರ ಬೇರೆ ಬೇರೆ. ದುಬಾರಿ ಬ್ರೆಜಿಲ್ ರೋಸ್‌ವುಡ್ ಇತ್ತು, ನಮ್ಮ ಬೀಟೆ ಇತ್ತು, ಅಗ್ಗದ ಸಪೇಲಿಯೂ ಇತ್ತು. 52 ಮಂದಿ ಗಿಟಾರು ವಾದಕರನ್ನು ಮಬ್ಬು ಬೆಳಕಿನ ಕೋಣೆಯಲ್ಲಿ ಕೂರಿಸಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಸಿ, ಒಂದೊಂದನ್ನೂ ನುಡಿಸಿ ಅಂಕ ಕೊಡಿ ಎಂದರು. ಆರಕ್ಕೂ ಬಿದ್ದ ಅಂಕ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಕಾಣದಿದ್ದಾಗ ಮರದ ಹೆಸರಿಗೆ ಬೆಲೆಯೇ ಉಳಿಯಲಿಲ್ಲ.

ಇದನ್ನು ಬೀಟೆಯ ಮೇಲಿನ ಅನಾದರದಿಂದ ಹೇಳುತ್ತಿಲ್ಲ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದಾಗ, ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಪ್ರಸಿದ್ಧ ಡಿ-28 ಮಾದರಿಗೆ 1969ರಿಂದ ಭಾರತದ ರೋಸ್‌ವುಡ್ಡನ್ನು ಬಳಸತೊಡಗಿತು. ಮೈಸೂರಿನ ಕುಸುರಿ ಕೆಲಸದವರು ಆನೆಯಂಬಾರಿ ಕೂರಿಸುವ ಜಾತಿಯ ಮರವೇ ಅಲ್ಲಿ ಗಿಟಾರಿನ ಬೆನ್ನಾಯಿತು. ಬೆರಳೋಡುವ ಪಟ್ಟಿಗೆ, ಕುದುರೆಗೆ ಬೀಟೆ ಹಾಕಿದರೆ ಅದಕ್ಕೆ ಕಾರಣವಿದೆ. ಗಟ್ಟಿ ಮರ, ಬೇಗ ಸವೆಯುವುದಿಲ್ಲ. ಬೀಟೆಯ ಹೆಸರು ಬರೆದು ತೆಳ್ಳಗಿನ ಪದರ ಅಂಟಿಸಿದ ಬೆನ್ನಿಗೆ ಎರಡು ಸಾವಿರ ಹೆಚ್ಚು ತೆರಬೇಡಿ ಎಂಬುದಷ್ಟೇ ನನ್ನ ಹಟ.

ಈಗ ಪೆಟ್ಟಿಗೆ ಮನೆಗೆ ಬಂದಿದೆ ಎನ್ನಿ. ಆಗ ಮಾಡಬೇಕಾದ ಏಳು ಪರೀಕ್ಷೆಗಳನ್ನು ಸಾಲಾಗಿ ಬರೆಯಬೇಕೆಂದು ಕುಳಿತಿದ್ದೆ. ಮೊದಲನೆಯದೇ ನನ್ನನ್ನು ವಿಜಯನಗರಕ್ಕೆ ಎಳೆದುಕೊಂಡು ಹೋಯಿತು. ಹೋಗಿಯೇ ಬರೋಣ.

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ದಪ್ಪ ತಂತಿಯನ್ನು ಐದನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಪಕ್ಕದ ತಂತಿಯ ಬಿಡಿಸ್ವರ ಬರಬೇಕು. ಆ ತಂತಿಯ ಐದನೇ ಫ್ರೆಟ್ಟು ಅದರ ಪಕ್ಕದ್ದಕ್ಕೆ ಹೊಂದಬೇಕು. ಹೀಗೇ ಮುಂದಕ್ಕೆ, ಮೂರನೇ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್ಟು. ಗಿಟಾರು ಮೇಷ್ಟ್ರುಗಳು ಮೊದಲ ದಿನವೇ ಹೇಳಿಕೊಡುವ ಶ್ರುತಿ ಸೇರಿಸುವ ಕ್ರಮ ಇದು.

ಈ ಲೆಕ್ಕ ನಮ್ಮ ನೆಲದಲ್ಲಿ 1550ರಲ್ಲೇ ಬರಹಕ್ಕಿಳಿದಿತ್ತು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ರಚಿಸಿದ ಸಂಸ್ಕೃತ ಗ್ರಂಥ ‘ಸ್ವರಮೇಳಕಲಾನಿಧಿ’. ಮೇಳಗಳ ವಿಂಗಡಣೆಗಾಗಿ ಎಲ್ಲರೂ ಅದರ ಹೆಸರು ಹೇಳುತ್ತಾರೆ. ನನಗೆ ಪ್ರಿಯವಾದದ್ದು ಅದರ ವೀಣಾ ಪ್ರಕರಣ. ಅಲ್ಲಿ ರಾಮಾಮಾತ್ಯ ವೀಣೆಯನ್ನು ವರ್ಣಿಸುತ್ತ ಕೂರುವುದಿಲ್ಲ, ಮೆಟ್ಟಿಲುಗಳ, ಅಂದರೆ ಫ್ರೆಟ್ಟುಗಳ, ಜಾಗ ಹೇಳುತ್ತಾನೆ. ನಾಲ್ಕು ತಂತಿ, ಆರು ಮೆಟ್ಟಿಲು. ಶುದ್ಧಮೇಳ ವೀಣೆಯ ಮೊದಲ ತಂತಿ ಅನುಮಂದ್ರ ಷಡ್ಜ, ಎರಡನೆಯದು ಅನುಮಂದ್ರ ಪಂಚಮ, ಮೂರನೆಯದು ಮಂದ್ರ ಷಡ್ಜ, ನಾಲ್ಕನೆಯದು ಮಂದ್ರ ಮಧ್ಯಮ. ಮೊದಲ ತಂತಿಯಲ್ಲಿ ಶುದ್ಧ ರಿಷಭ ಹುಟ್ಟುವಲ್ಲಿ ಮೊದಲ ಮೆಟ್ಟಿಲು. ಅದೇ ಮೆಟ್ಟಿಲು ಎರಡನೇ ತಂತಿಯಲ್ಲಿ ಶುದ್ಧ ಧೈವತ ಕೊಡುತ್ತದೆ, ಮೂರನೆಯದರಲ್ಲಿ ಮತ್ತೆ ಶುದ್ಧ ರಿಷಭ. ಹೀಗೆ ಒಂದೊಂದು ಮೆಟ್ಟಿಲೂ ನಾಲ್ಕು ತಂತಿಗೆ ನಾಲ್ಕು ಉತ್ತರ ಕೊಡುವುದನ್ನು ಅವನು ಕ್ರಮವಾಗಿ ಹೇಳುತ್ತ ಹೋಗುತ್ತಾನೆ. ರಾಗಕ್ಕೊಮ್ಮೆ ಮೆಟ್ಟಿಲು ಸರಿಸುವ ವೀಣೆ ಬೇರೆ, ಎಲ್ಲ ರಾಗಕ್ಕೂ ಒಂದೇ ಮೆಟ್ಟಿಲಿಟ್ಟ ವೀಣೆ ಬೇರೆ ಎಂದೂ ವಿಂಗಡಿಸುತ್ತಾನೆ. ನಮ್ಮ ಗಿಟಾರು ಎರಡನೆಯ ಪಂಗಡದ್ದು.

ಇನ್ನು ಐದನೇ ಮೆಟ್ಟಿಲು ನೋಡಿ. ಎರಡನೇ ತಂತಿಯಲ್ಲಿ ಅಲ್ಲಿ ಬರುವುದು ಷಡ್ಜ, ಅದೇ ಮೂರನೇ ತಂತಿಯ ಬಿಡಿಸ್ವರ. ಮೂರನೇ ತಂತಿಯಲ್ಲಿ ಅಲ್ಲಿ ಬರುವುದು ಮಧ್ಯಮ, ಅದೇ ನಾಲ್ಕನೇ ತಂತಿಯ ಬಿಡಿಸ್ವರ. ಗಿಟಾರು ಕಲಿಯುವ ಮಗು ಇಂದು ಮಾಡುವುದೂ ಇದನ್ನೇ. ಇಟಲಿಯಲ್ಲಿ ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆನ್ಸೋ ಗೆಲಿಲಿ, ತಂತಿಯ ಉಳಿದ ಉದ್ದದಲ್ಲಿ ಹದಿನೆಂಟನೇ ಒಂದು ಪಾಲಿಗೆ ಒಂದೊಂದು ಫ್ರೆಟ್ಟು ಇಡಿ ಎಂಬ ಸೂತ್ರ ಬರೆದದ್ದು 1581ರಲ್ಲಿ. ಆ ಸೂತ್ರದಂತೆ 648 ಮಿ.ಮೀ. ತಂತಿಗೆ ಫ್ರೆಟ್ಟು ಕೂರಿಸಿದರೆ ಹನ್ನೆರಡನೆಯದು ನಟ್ಟಿನ ಕಡೆಗೆ ಎರಡು ಮಿ.ಮೀ. ಮೀರಿ ಸರಿಯುತ್ತದೆ. ಇಂದಿನ ಕಾರ್ಖಾನೆಗಳು 17.817 ಎಂಬ ತಿದ್ದಿದ ಸಂಖ್ಯೆ ಬಳಸುತ್ತವೆ. ಸೂತ್ರ ಎಷ್ಟೇ ನಯವಾದರೂ ಕೊನೆಯ ತೀರ್ಪು ರಾಮಾಮಾತ್ಯನಲ್ಲಿದ್ದ ಹಾಗೆ ಕಿವಿಯದೇ. ಒತ್ತಿದಾಗ ತಂತಿ ಹಿಗ್ಗುತ್ತದೆ, ಹಿಗ್ಗಿದರೆ ಸ್ವರ ಏರುತ್ತದೆ. ತಂತಿ ಪಟ್ಟಿಯಿಂದ ಎತ್ತರದಲ್ಲಿದ್ದಷ್ಟೂ ಈ ಏರಿಕೆ ಹೆಚ್ಚು. ಕುದುರೆಯ ಮೇಲೆ ತಂತಿಗಳನ್ನು ಹೊರುವ ಸ್ಯಾಡಲನ್ನು ಕೊಂಚ ಓರೆಯಾಗಿ ಕೂರಿಸುವುದು ಅದನ್ನು ಸರಿದೂಗಿಸಲೆಂದೇ.

ವೀಣೆಯ ಜಗತ್ತು ಈ ಸತ್ಯವನ್ನು ಯಾವತ್ತೂ ಮರೆತಿಲ್ಲ. 24 ಮೆಟ್ಟಿಲುಗಳನ್ನು ಕಪ್ಪು ಮೇಣದಲ್ಲಿ ಕೂರಿಸಿ, ಒಂದೊಂದನ್ನೂ ಕಿವಿಗೊಟ್ಟು ಸರಿಸಿ, ಮೇಳ ಕಟ್ಟುವವರಿದ್ದಾರೆ. ವೀಣೆ ಮನೆಗೆ ಬಂದ ಮೇಲೂ ಮೇಣ ಸಡಿಲವಾದಾಗ ಮೇಳ ಕಟ್ಟಿಸಬೇಕು, ಅದಕ್ಕೆ ಬೇರೆ ಖರ್ಚಿದೆ ಎಂದು ವೈಣಿಕರ ಮನೆಯ ಮಕ್ಕಳಿಗೂ ಗೊತ್ತು. ಗಿಟಾರು ಕೊಳ್ಳುವವರು ಮಾತ್ರ ಪೆಟ್ಟಿಗೆ ಒಡೆದ ದಿನವೇ ವಾದ್ಯ ಸಿದ್ಧ ಎಂದುಕೊಳ್ಳುತ್ತಾರೆ. ಇಂಡೊನೇಷ್ಯಾದಲ್ಲೋ ಚೀನಾದಲ್ಲೋ ಕಟ್ಟಿದ ಗಿಟಾರು ಹಡಗಿನ ಕಂಟೈನರಿನಲ್ಲಿ, ಗೋದಾಮಿನಲ್ಲಿ, ಲಾರಿಯಲ್ಲಿ ಬೆಂದು ಬಂದಿರುತ್ತದೆ. ಮಾರ್ಚಿ ತಿಂಗಳ ಒಣಹವೆಗೆ ಪಟ್ಟಿಯ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಚಾಚುತ್ತವೆ, ಅಂಗೈ ಸವರಿದರೆ ಗರಗಸದಂತೆ ತಾಗುತ್ತವೆ. ಕರಾವಳಿಯ ಮಳೆಗಾಲದಲ್ಲಿ ಮೇಲ್ಹಲಗೆ ತೇವ ಕುಡಿದು ಹೊಟ್ಟೆ ಉಬ್ಬುತ್ತದೆ, ತಂತಿ ಎತ್ತರಕ್ಕೇರುತ್ತದೆ. ಬೆರಳು ನೋಯುತ್ತದೆಂದು ಮಗು ಎರಡನೇ ವಾರಕ್ಕೆ ಕೈಬಿಟ್ಟರೆ, ಸೋತದ್ದು ಮಗುವಿನ ಆಸಕ್ತಿಯೆಂದು ದೂರಬೇಡಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ಅಳತೆಪಟ್ಟಿ ಇಟ್ಟು ನೋಡಿ. ದಪ್ಪ ತಂತಿ ಸುಮಾರು 2.5 ಮಿ.ಮೀ., ಸಣ್ಣದು 2 ಮಿ.ಮೀ. ಎತ್ತರದಲ್ಲಿದ್ದರೆ ಸರಿ. ನಾಲ್ಕು ಮಿ.ಮೀ. ಇದ್ದರೆ ಯಾವ ಮಗುವೂ ಕಲಿಯಲಾರದು.

ಅದಕ್ಕೇ ವರ್ಷವರ್ಷವೂ ಹೇಳುವುದನ್ನು ಮತ್ತೆ ಹೇಳುತ್ತೇನೆ: ಕೈಯಲ್ಲಿರುವ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಸೆಟಪ್‌ಗೆ ತೆಗೆದಿಟ್ಟು, ಉಳಿದದ್ದರಲ್ಲಿ ಗಿಟಾರು ಹುಡುಕಿ. ಗಿಟಾರು ರಿಪೇರಿ ಬಲ್ಲವರು ಟ್ರಸ್ ರಾಡ್ ತಿರುಗಿಸಿ, ಸ್ಯಾಡಲ್ ಉಜ್ಜಿ, ನಟ್ಟಿನ ಕಚ್ಚುಗಳನ್ನು ಆಳಮಾಡಿ, ಫ್ರೆಟ್ಟಿನ ತುದಿಗಳನ್ನು ಅರದಿಂದ ನಯಮಾಡಿ ಕೊಟ್ಟರೆ, ಅಗ್ಗದ ಗಿಟಾರೂ ಕೈಗೆ ಒಗ್ಗುತ್ತದೆ. ನಿಮ್ಮೂರಲ್ಲಿ ಅಂಥವರಿಲ್ಲದಿದ್ದರೆ ಆ ರಾತ್ರಿ ಬಸ್ಸನ್ನು ಗಿಟಾರು ಬಂದ ಮೇಲೆ ಹತ್ತಿ. ಪ್ರಯಾಣಕ್ಕೆ ಅರ್ಥ ಬರುವುದು ಆಗ.

ಉಳಿದ ಆರು ಪರೀಕ್ಷೆ ಮುಂದಿನ ವಾರ. ಅಷ್ಟರೊಳಗೆ ಪೆಟ್ಟಿಗೆ ಬಂದುಬಿಟ್ಟರೆ, ತಂತಿಗಳನ್ನು ಟ್ಯೂನರಿನಿಂದ ಶ್ರುತಿ ಸೇರಿಸಿಕೊಂಡು ಎರಡೇ ಕೆಲಸ ಮಾಡಿ. ಐದನೇ ಫ್ರೆಟ್ಟನ್ನು ಪಕ್ಕದ ತಂತಿಗೆ ಹೋಲಿಸಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ, ಎರಡನ್ನೂ ಹೋಲಿಸಿ. ಕೊಂಚ ಏರುಪೇರಿದ್ದರೆ ಸೆಟಪ್‌ನಲ್ಲಿ ಹೋಗುತ್ತದೆ. ಮೆಟ್ಟಿಲೇ ತಪ್ಪು ಜಾಗದಲ್ಲಿ ಕೂತಿದೆಯೆಂದು ಕಿವಿ ಹೇಳಿದರೆ, ಅಥವಾ ನೆಕ್ ತಿರುಚಿಕೊಂಡಿದ್ದರೆ, ಯಾವ ರಿಪೇರಿಗೂ ಕೈಹಾಕದೆ ಗಡುವಿನೊಳಗೆ ವಾಪಸ್ ಕಳಿಸಿ.