ಶೇಲ್ ಅನಿಲಕ್ಕೆ ಎರವಲು ಸೂತ್ರಗಳು

ಶೇಲ್ ಶಿಲೆಯಲ್ಲಿ ಮೀಥೇನ್ ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ: ರಂಧ್ರ, ಬಿರುಕುಗಳಲ್ಲಿ ಒತ್ತಡಕ್ಕೆ ಸಿಕ್ಕಿ ತುಂಬಿಕೊಂಡ ಮುಕ್ತ ಅನಿಲ ಮತ್ತು ಕೆರೋಜನ್ ಎಂಬ ಸಾವಯವ ಪದಾರ್ಥದ ಒಳಮೈಗೆ ಅಂಟಿಕೊಂಡ ಅನಿಲ. ಕೆರೋಜನ್‌ನೊಳಗೆ ಕರಗಿರುವ ಪಾಲೂ ಇದೆ; ಅದನ್ನು ಬೇರ್ಪಡಿಸಿ ಅಳೆಯುವುದು ಕಷ್ಟ. ಕೆರೋಜನ್‌ನ ರಂಧ್ರಗಳ ಅಗಲ ಹಲವೆಡೆ ಹತ್ತಾರು ನ್ಯಾನೋಮೀಟರ್ ಮಾತ್ರ. ಮೀಥೇನ್ ಅಣುವಿನದು ಸುಮಾರು 0.38 ನ್ಯಾನೋಮೀಟರ್. ಇಷ್ಟು ಇಕ್ಕಟ್ಟಾದ ಶಿಲೆಗೆ ಉದ್ಯಮ ಹಚ್ಚುವ ಸೂತ್ರಗಳು ಹುಟ್ಟಿದ್ದು ಬೇರೆ ಕೆಲಸಕ್ಕೆ. ಹೆನ್ರಿ ಡಾರ್ಸಿ 1856ರಲ್ಲಿ ಬರೆದದ್ದು ಮರಳಿನ ಮೂಲಕ ನೀರು ಇಳಿಯುವ ನಿಯಮ. ಅರ್ವಿಂಗ್ ಲ್ಯಾಂಗ್‌ಮ್ಯೂರ್ 1918ರಲ್ಲಿ ವಿವರಿಸಿದ್ದು ಗಾಜು, ಅಭ್ರಕ, ಪ್ಲಾಟಿನಂಗಳ ಮೈಗೆ ಅನಿಲ ಅಂಟುವ ಬಗೆ.

ಲ್ಯಾಂಗ್‌ಮ್ಯೂರ್ ಸೂತ್ರದ ಗುಣ ಅದರ ಸರಳತೆ. ಮೇಲ್ಮೈ ಅರ್ಧ ತುಂಬುವ ಒತ್ತಡ 40 ಬಾರ್ ಎಂದಿಟ್ಟುಕೊಂಡರೆ, 200 ಬಾರ್‌ನಲ್ಲಿ ಶೇ. 83ರಷ್ಟು ತುಂಬಿರುತ್ತದೆ, ಒತ್ತಡ 100 ಬಾರ್‌ಗೆ ಇಳಿದರೂ ಶೇ. 71 ಉಳಿದಿರುತ್ತದೆ. ಅಂದರೆ ಒತ್ತಡ ಅರ್ಧಕ್ಕೆ ಕುಸಿದಾಗಲೂ ಅಂಟಿದ ಅನಿಲದಲ್ಲಿ ಬಿಡುಗಡೆಯಾಗುವುದು ಏಳನೇ ಒಂದು ಭಾಗ ಮಾತ್ರ. ನಿಕ್ಷೇಪದ ಒಟ್ಟು ಮೊತ್ತವನ್ನು ಹಿಗ್ಗಿಸುವ ಈ ಪಾಲು ಬಾವಿಯ ಮೊದಲ ವರ್ಷಗಳ ಆದಾಯಕ್ಕೆ ಹೆಚ್ಚೇನೂ ಒದಗುವುದಿಲ್ಲ ಎಂಬುದನ್ನು ಸೂತ್ರವೇ ಹೇಳುತ್ತದೆ. ಹೂಡಿಕೆದಾರರಿಗೆ ತೋರಿಸುವ ಪಟ್ಟಿಗಳು ಅದನ್ನು ಹೇಳಬೇಕೆಂದೇನಿಲ್ಲ.

ದೋಷ ಇರುವುದು ಬಳಕೆಯಲ್ಲಿ. ಪ್ರಯೋಗಾಲಯದಲ್ಲಿ ನೇರವಾಗಿ ಸಿಗುವುದು ಮುಕ್ತ ಅನಿಲದ ಸಾಂದ್ರತೆಗಿಂತ ಮೇಲ್ಮೈ ಬಳಿ ಹೆಚ್ಚಾಗಿ ಕೂಡಿದ ಮೊತ್ತವಷ್ಟೆ. ಒತ್ತಡ ಏರುತ್ತಾ ಹೋದಂತೆ ಆ ಮೊತ್ತ ಒಂದು ಹಂತ ಮುಟ್ಟಿ ಇಳಿಯತೊಡಗುತ್ತದೆ. ಲ್ಯಾಂಗ್‌ಮ್ಯೂರ್ ರೇಖೆಗೆ ಇಳಿಯುವುದೇ ಗೊತ್ತಿಲ್ಲ. ಅಂಟಿದ ಪದರವೂ ರಂಧ್ರದಲ್ಲಿ ಜಾಗ ಹಿಡಿಯುತ್ತದೆ. ಅದನ್ನು ಕಳೆಯದೆ ಇಡೀ ರಂಧ್ರದಲ್ಲಿ ಮುಕ್ತ ಅನಿಲವಿದೆ ಎಂದು ಎಣಿಸಿದರೆ ಒಂದೇ ಜಾಗಕ್ಕೆ ಎರಡು ಬಾರಿ ಲೆಕ್ಕ ಬರೆದಂತಾಗುತ್ತದೆ.

ಹರಿವಿನ ವಿಷಯದಲ್ಲಿ ತಪ್ಪು ಮತ್ತೊಂದು ದಿಕ್ಕಿನದು. ಅನಿಲವನ್ನು ಹಾಯಗೊಡುವ ಸಾಮರ್ಥ್ಯದಲ್ಲಿ ಶೇಲ್, ಸಾಮಾನ್ಯ ಮರಳುಗಲ್ಲಿಗಿಂತ ಲಕ್ಷಾಂತರ ಪಟ್ಟು ಹಿಂದೆ. ಇಂಥ ರಂಧ್ರಗಳಲ್ಲಿ ಅಣುಗಳು ಗೋಡೆಯ ಮೇಲೆ ಜಾರುವುದರಿಂದ ಡಾರ್ಸಿ ನಿಯಮ ಸಾಲದು ಎಂಬ ವಾದ ಪ್ರಬಂಧಗಳಲ್ಲಿ ಬೆಳೆದು ನಿಂತಿದೆ. ವಾದ ಸುಳ್ಳಲ್ಲ, ಅತಿಯಾಗಿದೆ. ಸಾಮಾನ್ಯ ವಾಯುಭಾರದಲ್ಲಿ ಮೀಥೇನ್ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ 50 ನ್ಯಾನೋಮೀಟರ್‌ನಷ್ಟು ಸಾಗುತ್ತದೆ. 10 ನ್ಯಾನೋಮೀಟರ್ ರಂಧ್ರದಲ್ಲಿ ಅದು ಗೋಡೆಗೇ ಬಡಿಯುತ್ತದೆ. ಆದರೆ 200 ಬಾರ್‌ನಲ್ಲಿ ಆ ದೂರ ಅರ್ಧ ನ್ಯಾನೋಮೀಟರ್‌ಗೂ ಕಡಿಮೆ. ಆಳದಲ್ಲಿ ಜಾರುವಿಕೆಯ ಪ್ರಭಾವ ಸಣ್ಣದು. ಒತ್ತಡ ಚೆನ್ನಾಗಿ ಇಳಿದ ಮೇಲೆ ಅದು ಮುಖ್ಯವಾಗುತ್ತದೆ. ಕಡಿಮೆ ಒತ್ತಡದಲ್ಲಿ ಶಿಲೆಯ ಪುಡಿಯನ್ನು ಪರೀಕ್ಷಿಸಿ ಬಂದ ಅಂಕಿಯನ್ನು ತಿದ್ದದೆ ಆಳಕ್ಕೆ ಅನ್ವಯಿಸುವುದು ಸರಿಯಲ್ಲ.

ಬಾವಿಯ ಇಳುವರಿಯನ್ನು ನಿರ್ಧರಿಸುವುದು ಶಿಲೆಯಿಂದ ಕೃತಕ ಬಿರುಕಿನವರೆಗಿನ ನಿಧಾನ ಪಯಣ. ಟೆಕ್ಸಸ್‌ನ ಬಾರ್ನೆಟ್ ಶೇಲ್‌ನ ಸಾವಿರಾರು ಅಡ್ಡಬಾವಿಗಳ ದಾಖಲೆ ಹಿಡಿದು ಟ್ಯಾಡ್ ಪಾಟ್ಜೆಕ್, ಫ್ರಾಂಕ್ ಮೇಲ್, ಮೈಕೆಲ್ ಮಾರ್ಡರ್ 2013ರಲ್ಲಿ ತೋರಿಸಿದ್ದು ಇದನ್ನೇ. ಮೊದಲಿಗೆ ಉತ್ಪಾದನೆ ಕಾಲದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ: ಒಂದನೇ ತಿಂಗಳ ಕೊನೆಗೆ 100 ಇದ್ದ ದರ ನಾಲ್ಕನೆಯದರ ಕೊನೆಗೆ 50, ಒಂಬತ್ತನೆಯದರ ಕೊನೆಗೆ 33. ಅಕ್ಕಪಕ್ಕದ ಬಿರುಕುಗಳು ಒಂದೇ ಶಿಲೆಯಿಂದ ಅನಿಲ ಸೆಳೆಯತೊಡಗಿದಾಗ ಕುಸಿತ ಚುರುಕಾಗುತ್ತದೆ. ಬಿಡಿ ರಂಧ್ರಗಳ ವಿವರಕ್ಕೆ ಹೋಗದ ಈ ಮಾದರಿ ಇಷ್ಟನ್ನು ಹಿಡಿದಿರುವುದು ಅದರ ದೊಡ್ಡ ಅರ್ಹತೆ.

ಜೆ. ಜೆ. ಆರ್ಪ್ಸ್ 1945ರಲ್ಲಿ ಕೊಟ್ಟ ಇಳಿಕೆಯ ರೇಖೆಗೆ ಈ ತಿರುವು ಕಾಣದು. ಆರಂಭದ ತಿಂಗಳುಗಳಿಗೆ ಹೊಂದಿಸಿ ಅದನ್ನು ಕೊನೆಯಿಲ್ಲದೆ ಎಳೆದರೆ ಬಾವಿಯಿಂದ ಬರುವ ಅನಿಲಕ್ಕೆ ಮಿತಿಯೇ ಇರುವುದಿಲ್ಲ. ಬಿರುಕುಗಳ ನಡುವಿನ ಪೈಪೋಟಿ ದಾಖಲೆಯಲ್ಲಿ ಕಾಣಿಸಿಕೊಳ್ಳುವವರೆಗೆ ಬಾವಿಯ ಜೀವಮಾನದ ಇಳುವರಿಯನ್ನು ಒಂದೇ ಅಂಕಿಯಲ್ಲಿ ಹೇಳದೆ, ಕನಿಷ್ಠ–ಗರಿಷ್ಠಗಳ ನಡುವಿನ ಅಂದಾಜಾಗಿ ಕೊಡುವುದೇ ಸರಿ.