ಹ್ಯಾಸ್ಕೆಲ್‌ನಲ್ಲಿ ಕನ್ನಡ ಹೆಸರುಗಳು: ಒಂದು ವಿಮರ್ಶೆ

ಹ್ಯಾಸ್ಕೆಲ್ ಭಾಷೆಯ 2010ರ ವರದಿಯು ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳಿಗೆ ಅವಕಾಶ ನೀಡಿದೆ. ಈ ಅವಕಾಶ ಕನ್ನಡಕ್ಕೆ ಎಷ್ಟು ದಕ್ಕಿದೆ ಎಂಬುದನ್ನು ಬೆಳಗಾವಿ ಜಿಲ್ಲೆಯ ನಾಲ್ಕು ಊರ ಹೆಸರುಗಳಿಂದಲೇ ಪರಿಶೀಲಿಸಬಹುದು. ಜಿಎಚ್‌ಸಿ 8.10 ಕಂಪೈಲರ್‌ನ ನಿಯಮದಂತೆ ‘ಸವದತ್ತಿ’ ಸಿಂಧು. ‘ಬೈಲಹೊಂಗಲ’, ‘ಕಿತ್ತೂರು’, ‘ರಾಮದುರ್ಗ’ ಅಸಿಂಧು. ಸವದತ್ತಿಯನ್ನೇ ‘ಸೌಂದತ್ತಿ’ ಎಂದು ಬರೆದರೆ ಅದೂ ಅಸಿಂಧು.

ಯೂನಿಕೋಡ್ ಸಂಯೋಜಕ ಚಿಹ್ನೆಗಳನ್ನು ಸ್ವಂತ ಅಗಲವಿಲ್ಲದವು, ಅಗಲವುಳ್ಳವು ಎಂದು ವಿಂಗಡಿಸುತ್ತದೆ. ‘ಕಿ’, ‘ಕೆ’, ‘ಕೌ’, ‘ಕ್’ಗಳ ಚಿಹ್ನೆಗಳು ಮೊದಲ ವರ್ಗದವು, ‘ಕಾ’, ‘ಕೀ’, ‘ಕು’, ‘ಕೂ’, ‘ಕೈ’ಗಳ ಚಿಹ್ನೆಗಳೂ ಅನುಸ್ವಾರವೂ ಎರಡನೆಯ ವರ್ಗದವು. ಕಂಪೈಲರ್ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ಮುದ್ರಣಕ್ಕೆಂದು ಮಾಡಿದ ಈ ವಿಭಜನೆಗೆ ವ್ಯಾಕರಣದ ಆಧಾರವಿಲ್ಲ. ಪರಿಣಾಮವಾಗಿ ಹ್ರಸ್ವ ಇಕಾರ ಉಳಿದು ಅದರ ದೀರ್ಘ ಅಳಿಯುತ್ತದೆ. ‘ಮನೆಗೆ’, ‘ಮನೆಯ’, ‘ಮನೆಯಲ್ಲಿ’ ಸಲ್ಲುತ್ತವೆ, ‘ಮನೆಯನ್ನು’, ‘ಮನೆಯಿಂದ’ ಸಲ್ಲುವುದಿಲ್ಲ. ಕನ್ನಡದ ವಿಭಕ್ತಿರೂಪಗಳನ್ನು ಕನ್ನಡದ ಹೆಸರುಗಳಲ್ಲೇ ನಿರೂಪಿಸಬಯಸುವ ಸಂಶೋಧಕನಿಗೆ ಇದು ಸಣ್ಣ ತೊಡಕಲ್ಲ.

ಎರಡನೆಯ ದೋಷ ವಿನ್ಯಾಸದ್ದು. ಹ್ಯಾಸ್ಕೆಲ್ ಚರಗಳನ್ನು ಸಣ್ಣಕ್ಷರದಿಂದಲೂ ಪ್ರಕಾರಗಳನ್ನು ದೊಡ್ಡಕ್ಷರದಿಂದಲೂ ಗುರುತಿಸುತ್ತದೆ. ಈ ಭೇದವಿಲ್ಲದ ಕನ್ನಡ ಲಿಪಿಯನ್ನು ಕಂಪೈಲರ್ ಸಣ್ಣಕ್ಷರವೆಂದೇ ಎಣಿಸುತ್ತದೆ. ಆದ್ದರಿಂದ ‘ಪದ’ ಚರವಾಗಬಲ್ಲದು; ಪ್ರಕಾರವಾಗಲು ಅದರ ಮುಂದೆ ಬೇರೆ ಲಿಪಿಯ ದೊಡ್ಡಕ್ಷರವೊಂದು ಬೇಕು.

ಎರಡೂ ದೋಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಯೂನಿಕೋಡ್‌ನ 31ನೆಯ ಅನುಬಂಧ ಎರಡೂ ವರ್ಗದ ಚಿಹ್ನೆಗಳನ್ನು ಹೆಸರಿನ ಒಳಗೆ ಅಂಗೀಕರಿಸುತ್ತದೆ. ಪೈಥಾನ್ 3 ಅದನ್ನು ಅನುಸರಿಸಿದೆ. ಮೊದಲ ದೋಷಕ್ಕೆ ಇಷ್ಟೇ ಸಾಕು. ಎರಡನೆಯದು ಭಾಷೆಯ ವಾಕ್ಯರಚನೆಯಲ್ಲೇ ಬೇರೂರಿರುವುದರಿಂದ ಕಂಪೈಲರ್‌ನ ತಿದ್ದುಪಡಿಯೊಂದರಿಂದಲೇ ನೀಗುವಂಥದಲ್ಲ.